ಇ.ಎಂ.ಟಿ.ಪಿ.: ಒಂದು ಒಡೆತನದ ವಿವಾದ

ಸಿಡಿಲೆರಗಿದಾಗ ವಿದ್ಯುತ್ ತಂತಿಗಳಲ್ಲಿ ಕ್ಷಣಮಾತ್ರ ಚಿಮ್ಮುವ ವೋಲ್ಟೇಜನ್ನು ಗಣಕಯಂತ್ರದಿಂದ ಲೆಕ್ಕಹಾಕುವ ಇ.ಎಂ.ಟಿ.ಪಿ. ಎಂಬ ಪ್ರೋಗ್ರಾಮನ್ನು ಹರ್ಮನ್ ಡೊಮ್ಮೆಲ್ ಅವರು 1960ರ ದಶಕದಲ್ಲಿ, ಮೊದಲು ಮ್ಯೂನಿಕ್ಕಿನಲ್ಲಿಯೂ ಬಳಿಕ ಅಮೆರಿಕದ ಬಾನೆವಿಲ್ ಪವರ್ ಅಡ್ಮಿನಿಸ್ಟ್ರೇಷನ್ನಿನಲ್ಲಿಯೂ ರೂಪಿಸಿದರು. ಈ ಎರಡನೆಯ ಸಂಸ್ಥೆ ಸರ್ಕಾರದ್ದಾದುದರಿಂದ ಪ್ರೋಗ್ರಾಮು ಸಾರ್ವಜನಿಕ ಸ್ವತ್ತಾಗಿತ್ತು. ಇತರ ವಿದ್ಯುತ್ ಸಂಸ್ಥೆಗಳೂ ವಿಶ್ವವಿದ್ಯಾನಿಲಯಗಳೂ ಅದನ್ನು ಪಡೆದು, ತಿದ್ದಿ, ಬೆಳೆಸಿದವು. 1973ರಲ್ಲಿ ಡೊಮ್ಮೆಲ್ ಕೆನಡಾಕ್ಕೆ ತೆರಳಲು, ಹೊಣೆ ಸ್ಕಾಟ್ ಮೇಯರ್ ಅವರದಾಯಿತು. ಸಹಭಾಗಿ ಸಂಸ್ಥೆಗಳ ಕೂಟವು ಪ್ರೋಗ್ರಾಮನ್ನು ವಾಣಿಜ್ಯಕ್ಕಿಳಿಸಲು ಹೊರಟಾಗ ಮೇಯರ್ ಮತ್ತು ತ್ಸು-ಹ್ವೇ ಲಿಯು ಅದನ್ನೊಪ್ಪದೆ, 1984ರಲ್ಲಿ ಎ.ಟಿ.ಪಿ. ಎಂಬ ಪ್ರತ್ಯೇಕ ಶಾಖೆಯನ್ನು ತೆರೆದರು. ಇದನ್ನು ಕೇವಲ ವ್ಯಕ್ತಿಕಲಹವೆಂದು ನಾವು ಭಾವಿಸಲಾರೆವು. ಹಲವರ ದುಡಿಮೆಯಿಂದ ಬೆಳೆದುದನ್ನು ಮಾರುವ ಹಕ್ಕು ಯಾರದೆಂಬುದೇ ಅಲ್ಲಿನ ವಿವಾದ. ಆದರೆ ಎ.ಟಿ.ಪಿ.ಯೂ ಸಾರ್ವಜನಿಕ ಸ್ವತ್ತಾಗಿ ಉಳಿಯಲಿಲ್ಲ: ಅದಕ್ಕೆ ಹಣ ತೆರಬೇಕಾಗಿರಲಿಲ್ಲ, ಪರವಾನಗಿ ಮಾತ್ರ ಬೇಕಾಗಿತ್ತು, ಇ.ಎಂ.ಟಿ.ಪಿ.ಯ ವ್ಯಾಪಾರದಲ್ಲಿ ತೊಡಗಿದವರಿಗೆ ಆ ಪರವಾನಗಿ ನಿಷಿದ್ಧವಾಗಿತ್ತು.