ಸೆನ್ಸಾರ್ ಕತ್ತರಿ: ಯಾರ ಕಣ್ಣಿನ ಅಳತೆ?

ಚಿತ್ರಮಂದಿರದಲ್ಲಿ ದೀಪಗಳು ಆರಿದ ಕೂಡಲೇ ಪರದೆಯ ಮೇಲೆ ಕೆಲವು ಸೆಕೆಂಡುಗಳ ಕಾಲ ಒಂದು ಪ್ರಮಾಣಪತ್ರ ಕಾಣಿಸಿಕೊಳ್ಳುತ್ತದೆ. ಚಿತ್ರದ ಹೆಸರು, ಭಾಷೆ, ದಿನಾಂಕ, ಜೊತೆಗೆ 'ಯು' ಅಥವಾ 'ಎ' ಎಂಬ ಅಕ್ಷರ. ನೀವು ಅದನ್ನು ಪೂರ್ತಿ ಓದಿರಲಾರಿರಿ. ಓದುವಷ್ಟರಲ್ಲಿ ಅದು ಮಾಯವಾಗಿರುತ್ತದೆ. ಆದರೆ ಆ ಒಂದು ಹಾಳೆಯ ಹಿಂದೆ ನೂರು ವರ್ಷಗಳಿಗೂ ಮಿಕ್ಕ ಇತಿಹಾಸವಿದೆ.

ನೀವೊಂದು ಕಾದಂಬರಿ ಬರೆದರೆ ಅದನ್ನು ಅಚ್ಚು ಹಾಕಿಸುವ ಮುನ್ನ ಸರ್ಕಾರಕ್ಕೆ ತೋರಿಸಬೇಕಾಗಿಲ್ಲ. ಪತ್ರಿಕೆಗೆ ಲೇಖನ ಕಳಿಸುವಾಗಲೂ ಅಷ್ಟೆ. ಸಿನಿಮಾ ಮಾಡಿ ಚಿತ್ರಮಂದಿರಕ್ಕೆ ತರುವವರು ಮಾತ್ರ ಮೊದಲು ತೋರಿಸಬೇಕು, ಆಮೇಲೆ ಪ್ರದರ್ಶಿಸಬೇಕು. ಇದು ಏಕೆ ಹೀಗೆ? ಇನ್ನೊಂದು ಪ್ರಶ್ನೆ ಇದಕ್ಕಿಂತ ಮುಖ್ಯವಾದದ್ದು. ಸೆನ್ಸಾರ್ ಮಂಡಳಿಯ ಸದಸ್ಯರು ಚಿತ್ರವನ್ನು ನೋಡುವಾಗ ಯಾರ ಕಣ್ಣಿನಿಂದ ನೋಡುತ್ತಾರೆ? ಅವರ ಮನಸ್ಸಿನಲ್ಲಿ ಒಬ್ಬ ಪ್ರೇಕ್ಷಕ ಇದ್ದೇ ಇರುತ್ತಾನೆ. ಅವನು ಬುದ್ಧಿವಂತನೋ ದಡ್ಡನೋ, ಸಮಾಧಾನಿಯೋ ಮುಂಗೋಪಿಯೋ? ವಿಜ್ಞಾನದ ವಿದ್ಯಾರ್ಥಿಗಳಿಗೆ ಗೊತ್ತಿರುವಂತೆ, ಅಳತೆಗೋಲೇ ತಪ್ಪಾಗಿದ್ದರೆ ಎಷ್ಟು ಎಚ್ಚರದಿಂದ ಅಳೆದರೂ ಉತ್ತರ ತಪ್ಪೇ ಬರುತ್ತದೆ. ನಮ್ಮ ದೇಶದ ಚಿತ್ರ ಸೆನ್ಸಾರ್‌ನ ಚರಿತ್ರೆಯೆಂದರೆ ಬಹುಮಟ್ಟಿಗೆ ಈ ಅಳತೆಗೋಲಿನ ಚರಿತ್ರೆ.

ಮೊದಲ ಕಾನೂನು ಬಂದದ್ದು 1918ರಲ್ಲಿ, ಬ್ರಿಟಿಷರ ಕಾಲದಲ್ಲಿ. ಅದಕ್ಕೆ ಎರಡು ಭಯಗಳಿದ್ದವು. ಆಗಿನ ಫಿಲ್ಮು ಸೆಲ್ಯುಲೋಸ್ ನೈಟ್ರೇಟಿನಿಂದ ಮಾಡಿದ್ದು, ಬಿಸಿ ತಾಗಿದರೆ ಹೊತ್ತಿಕೊಂಡು ಉರಿಯುವಂಥದು. ಆದ್ದರಿಂದ ಚಿತ್ರಮಂದಿರಗಳಿಗೆ ಬೆಂಕಿಯಿಂದ ರಕ್ಷಣೆ ಬೇಕಾಗಿತ್ತು. ಎರಡನೆಯ ಭಯ, ಚಿತ್ರ ನೋಡಿದ ಜನರ ಮನಸ್ಸಿನಲ್ಲಿ ಹೊತ್ತಿಕೊಳ್ಳಬಹುದಾದ ಕಿಡಿಯದು. 1920ರಲ್ಲಿ ಬೊಂಬಾಯಿ, ಕಲ್ಕತ್ತ, ಮದರಾಸು, ರಂಗೂನ್ ನಗರಗಳಲ್ಲಿ ಸೆನ್ಸಾರ್ ಮಂಡಳಿಗಳು ಆರಂಭವಾದವು.

ಮರುವರ್ಷವೇ ಬಂದ ಒಂದು ಮೂಕಿ ಚಿತ್ರ 'ಭಕ್ತ ವಿದುರ'. ಕಥೆ ಮಹಾಭಾರತದ್ದು. ಆದರೆ ಪರದೆಯ ಮೇಲಿನ ವಿದುರ ಖಾದಿ ಅಂಗಿ ತೊಟ್ಟು ಗಾಂಧಿ ಟೋಪಿ ಧರಿಸಿದ್ದ. ಅಸಹಕಾರ ಚಳವಳಿ ಕಾವೇರಿದ್ದ ದಿನಗಳವು. ದುರ್ಯೋಧನನ ದರ್ಬಾರು ಯಾವುದೆಂದು ಪ್ರೇಕ್ಷಕರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಅಧಿಕಾರಿಗಳಿಗೂ ತಿಳಿಯಿತು. ಕರಾಚಿ, ಮದರಾಸುಗಳಲ್ಲಿ ಚಿತ್ರವನ್ನು ನಿಷೇಧಿಸಲಾಯಿತು. ಆಳುವವರು ಪರಕೀಯರಾಗಿದ್ದಾಗ ಅವರ ಕತ್ತರಿ ಯಾವ ಕಡೆಗೆ ಹರಿಯುತ್ತದೆಂದು ಊಹಿಸುವುದು ಕಷ್ಟವಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಏನಾಯಿತು? 1950ರಲ್ಲಿ ಜಾರಿಗೆ ಬಂದ ನಮ್ಮ ಸಂವಿಧಾನದ 19ನೆಯ ವಿಧಿ ಪ್ರತಿಯೊಬ್ಬ ನಾಗರಿಕನಿಗೂ ವಾಕ್ ಮತ್ತು ಅಭಿವ್ಯಕ್ತಿ ಸ್ವಾತಂತ್ರ್ಯ ನೀಡಿತು. ದೇಶದ ಭದ್ರತೆ, ಸಭ್ಯತೆ, ಮಾನನಷ್ಟ ಮೊದಲಾದ ಕಾರಣಗಳಿಗಾಗಿ ನಿರ್ಬಂಧ ಹೇರುವ ಅವಕಾಶವನ್ನೂ ಉಳಿಸಿತು. 1952ರಲ್ಲಿ ಹೊಸ ಸಿನಿಮಾಟೋಗ್ರಾಫ್ ಕಾಯಿದೆ ಬಂತು. ಆಳುವವರು ನಮ್ಮವರೇ ಆದರು. ಆದರೆ ಮೊದಲು ತೋರಿಸು, ಆಮೇಲೆ ಪ್ರದರ್ಶಿಸು ಎಂಬ ಪದ್ಧತಿ ಹಾಗೆಯೇ ಮುಂದುವರಿಯಿತು.

ಈ ಪದ್ಧತಿಯನ್ನೇ ನ್ಯಾಯಾಲಯಕ್ಕೆ ಎಳೆದವರು ಲೇಖಕ, ನಿರ್ದೇಶಕ ಕೆ. ಎ. ಅಬ್ಬಾಸ್. 1968ರಲ್ಲಿ ಅವರು ನಾಲ್ಕು ಮಹಾನಗರಗಳ ಸಿರಿವಂತಿಕೆ ಮತ್ತು ಬಡತನವನ್ನು ಎದುರುಬದುರು ಇಟ್ಟು ಒಂದು ಕಿರು ಸಾಕ್ಷ್ಯಚಿತ್ರ ಮಾಡಿದರು. ಅದರಲ್ಲಿ ಬೊಂಬಾಯಿಯ ವೇಶ್ಯಾವಾಟಿಕೆಯ ದೃಶ್ಯಗಳೂ ಇದ್ದವು. ಮಂಡಳಿ 'ಎ' ಪ್ರಮಾಣಪತ್ರ ನೀಡಿತು. ಆ ದೃಶ್ಯಗಳನ್ನು ಕತ್ತರಿಸಿದರೆ 'ಯು' ಕೊಡಬಹುದೆಂದು ಸರ್ಕಾರ ಹೇಳಿತು. ಅಬ್ಬಾಸ್ ಒಪ್ಪದೆ ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. ವಿಚಾರಣೆ ನಡೆಯುತ್ತಿದ್ದಾಗ ಸರ್ಕಾರ ಪಟ್ಟು ಸಡಿಲಿಸಿ, ಕತ್ತರಿ ಇಲ್ಲದೆಯೇ 'ಯು' ಕೊಡುವುದಾಗಿ ತಿಳಿಸಿತು. ಅಲ್ಲಿಗೆ ಅವರ ಕೆಲಸ ಮುಗಿದಿತ್ತು, ಮನೆಗೆ ಹೋಗಬಹುದಾಗಿತ್ತು. ಅವರು ಹೋಗಲಿಲ್ಲ. ತಮ್ಮ ಒಂದು ಚಿತ್ರದ ಪ್ರಶ್ನೆ ಇದಲ್ಲ, ಪೂರ್ವ ಸೆನ್ಸಾರ್ ಸಂವಿಧಾನಕ್ಕೆ ಸಮ್ಮತವೇ ಎಂಬುದು ತೀರ್ಮಾನವಾಗಲಿ ಎಂದು ಪಟ್ಟು ಹಿಡಿದರು.

1970ರ ಸೆಪ್ಟೆಂಬರ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ಹಿದಾಯತುಲ್ಲಾ ಅವರು ತೀರ್ಪು ಬರೆದರು. ಆ ದೊಡ್ಡ ಪ್ರಶ್ನೆಯಲ್ಲಿ ಅಬ್ಬಾಸ್ ಸೋತರು. ಚಲಿಸುವ ಚಿತ್ರ ಇತರ ಕಲೆಗಳಿಗಿಂತ ತೀವ್ರವಾಗಿ ಮನಸ್ಸನ್ನು ಕಲಕುತ್ತದೆ, ಆದ್ದರಿಂದ ಸಿನಿಮಾಕ್ಕೆ ಪೂರ್ವ ಸೆನ್ಸಾರ್ ಸಮ್ಮತ ಎಂದಿತು ನ್ಯಾಯಾಲಯ. ಆದರೆ ಅದೇ ತೀರ್ಪಿನಲ್ಲಿ ಇನ್ನೊಂದು ಮಾತೂ ಇದೆ. ಸಮಾಜದಲ್ಲಿ ಅತ್ಯಂತ ದುರ್ಬಲ ಅಥವಾ ಕೆಟ್ಟ ಮನಸ್ಸಿನವರನ್ನು ಅಳತೆಯಾಗಿ ಇಟ್ಟುಕೊಂಡು, ಆರೋಗ್ಯವಂತ ಮನಸ್ಸಿನವರು ಏನನ್ನು ನೋಡಬಾರದು ಎಂದು ನಿರ್ಧರಿಸುವ ಸ್ಥಿತಿಗೆ ನಾವು ಇಳಿಯಬಾರದು ಎಂಬುದು ಅದರ ತಾತ್ಪರ್ಯ. ಸೋತ ಮೊಕದ್ದಮೆಯಿಂದಲೂ ಒಂದು ಹೊಸ ಅಳತೆಗೋಲು ಹುಟ್ಟಿತು.

ಅದೇ 1970ರಲ್ಲಿ ಕನ್ನಡದ ಒಂದು ಚಿತ್ರವೂ ಸೆನ್ಸಾರ್ ಮಂಡಳಿಯ ಮುಂದೆ ನಿಂತಿತ್ತು. ಅದು ಪಟ್ಟಾಭಿರಾಮ ರೆಡ್ಡಿಯವರ 'ಸಂಸ್ಕಾರ'. ಯು. ಆರ್. ಅನಂತಮೂರ್ತಿಯವರ ಕಾದಂಬರಿ ಆಧರಿಸಿದ ಚಿತ್ರ. ಗಿರೀಶ್ ಕಾರ್ನಾಡರು ಪ್ರಾಣೇಶಾಚಾರ್ಯ, ಪಿ. ಲಂಕೇಶರು ನಾರಣಪ್ಪ, ಸ್ನೇಹಲತಾ ರೆಡ್ಡಿಯವರು ಚಂದ್ರಿ. ಅಗ್ರಹಾರದ ಕಟ್ಟುಪಾಡುಗಳನ್ನೆಲ್ಲ ಮುರಿದು ಬಾಳಿದವನೊಬ್ಬ ಸತ್ತಿದ್ದಾನೆ. ಅವನ ಶವಸಂಸ್ಕಾರ ಮಾಡಬೇಕಾದವರು ಯಾರು? ಶವ ಮನೆಯಲ್ಲಿ ಕೊಳೆಯುತ್ತಿದೆ, ಊರಿಗೆ ಪ್ಲೇಗು ಬಂದಿದೆ, ಶಾಸ್ತ್ರದಲ್ಲಿ ಉತ್ತರ ಸಿಗುತ್ತಿಲ್ಲ. ಒಂದು ಸಮುದಾಯದವರ ಮನಸ್ಸಿಗೆ ನೋವಾಗಿ ಗಲಭೆಯಾದೀತೆಂದು ಮದರಾಸಿನ ಸೆನ್ಸಾರ್ ಮಂಡಳಿ ಚಿತ್ರವನ್ನು ತಡೆಯಿತು.

ಇಲ್ಲಿ ಒಂದು ಸಂಗತಿಯನ್ನು ಗಮನಿಸಿ. ಕಾದಂಬರಿ ಪ್ರಕಟವಾದದ್ದು 1965ರಲ್ಲಿ. ಕನ್ನಡಿಗರು ಅದನ್ನು ಓದಿದ್ದರು. ಮೆಚ್ಚಿದವರಿದ್ದರು, ಸಿಟ್ಟಾದವರೂ ಇದ್ದರು. ವಾದವಿವಾದ ನಡೆಯಿತು, ಆಕಾಶವೇನೂ ಕಳಚಿ ಬೀಳಲಿಲ್ಲ. ಓದುವಾಗ ವಿವೇಕಿಯಾಗಿದ್ದ ಅದೇ ಕನ್ನಡಿಗ ಟಿಕೆಟ್ ಕೊಂಡು ಕುರ್ಚಿಯಲ್ಲಿ ಕುಳಿತ ಕೂಡಲೇ ಅವಿವೇಕಿಯಾಗುತ್ತಾನೆಯೇ? ಕೊನೆಗೆ ಕೇಂದ್ರ ಸರ್ಕಾರ ತಡೆಯನ್ನು ತೆಗೆಯಿತು. ಚಿತ್ರ ಬಿಡುಗಡೆಯಾಯಿತು. ಆ ವರ್ಷದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪ್ರಶಸ್ತಿ ಪಡೆಯಿತು. ಆ ಗೌರವ ಕನ್ನಡಕ್ಕೆ ಬಂದದ್ದು ಅದೇ ಮೊದಲು. ಮಂಡಳಿ ಹೆದರಿದಂತೆ ಊರಿಗೆ ಬೆಂಕಿ ಬೀಳಲಿಲ್ಲ.

ಇದು ಸಂತೋಷದ ಕಥೆಯೇ. ಆದರೂ ಇದರಲ್ಲಿ ಒಂದು ತೊಡಕಿದೆ. ಆಗ ಮಂಡಳಿಯ ತೀರ್ಮಾನದ ಮೇಲೆ ಮೇಲ್ಮನವಿ ಹೋಗುತ್ತಿದ್ದುದು ಸರ್ಕಾರಕ್ಕೇ. ಸರ್ಕಾರದ ಮನಸ್ಸು ಒಳ್ಳೆಯದಾಗಿದ್ದರೆ ಚಿತ್ರ ಉಳಿಯುತ್ತದೆ. ಇಲ್ಲದಿದ್ದರೆ? ಮೇಲ್ಮನವಿಗೆ ಸ್ವತಂತ್ರವಾದ ನ್ಯಾಯಮಂಡಳಿ ಬೇಕೆಂದು ಅಬ್ಬಾಸ್ ಕೇಳಿದ್ದು ಇದಕ್ಕಾಗಿಯೇ.

ಐದೇ ವರ್ಷಗಳಲ್ಲಿ ಉತ್ತರ ಸಿಕ್ಕಿತು. ಲೋಕಸಭಾ ಸದಸ್ಯರಾಗಿದ್ದ ಅಮೃತ್ ನಹಾಟಾ ಅವರು 'ಕಿಸ್ಸಾ ಕುರ್ಸೀ ಕಾ' ಎಂಬ ರಾಜಕೀಯ ವಿಡಂಬನೆಯ ಚಿತ್ರವನ್ನು 1975ರಲ್ಲಿ ಮಂಡಳಿಗೆ ಸಲ್ಲಿಸಿದರು. ಜೂನ್‌ನಲ್ಲಿ ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಚಿತ್ರದ ನೆಗೆಟಿವ್, ಪ್ರಿಂಟುಗಳು ಸರ್ಕಾರದ ವಶವಾದವು, ಆಮೇಲೆ ಇಲ್ಲವಾದವು. ಅವನ್ನು ಸುಟ್ಟುಹಾಕಿದ ಆರೋಪದ ಮೊಕದ್ದಮೆಯಲ್ಲಿ ಕೆಳ ನ್ಯಾಯಾಲಯ 1979ರಲ್ಲಿ ಸಂಜಯ ಗಾಂಧಿ ಮತ್ತು ವಿ. ಸಿ. ಶುಕ್ಲಾ ಅವರಿಗೆ ಶಿಕ್ಷೆ ವಿಧಿಸಿತು. 1980ರಲ್ಲಿ ಸರ್ವೋಚ್ಚ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. ಮೂಲ ಚಿತ್ರ ಮಾತ್ರ ಮರಳಿ ಬರಲಿಲ್ಲ. ನಹಾಟಾ ಅದನ್ನು ಹೊಸದಾಗಿ ಚಿತ್ರಿಸಿ 1978ರಲ್ಲಿ ತೆರೆಗೆ ತರಬೇಕಾಯಿತು. ನಮ್ಮ ಚಂದ್ರಿ, ಸ್ನೇಹಲತಾ ರೆಡ್ಡಿಯವರು ಅದೇ ಕಾಲದಲ್ಲಿ, 1976ರಲ್ಲಿ ಬಂಧನಕ್ಕೊಳಗಾಗಿ ಬೆಂಗಳೂರಿನ ಜೈಲು ಸೇರಿದರು. ಉಬ್ಬಸದಿಂದ ನರಳಿ, 1977ರ ಜನವರಿಯಲ್ಲಿ ಬಿಡುಗಡೆಯಾದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಅವರ ಬಂಧನಕ್ಕೂ ಸಿನಿಮಾಕ್ಕೂ ಸಂಬಂಧವಿರಲಿಲ್ಲ. ಆದರೆ ಮಾತು ನಿಂತ ದೇಶದಲ್ಲಿ ಚಿತ್ರದ ಸುರುಳಿಗೂ ಮನುಷ್ಯರಿಗೂ ಒಂದೇ ಗತಿಯಾಗುತ್ತದೆ ಎಂಬುದನ್ನು ನಾವು ಮರೆಯಬಾರದು.

ಈಗ ಟೆಲಿವಿಷನ್ನಿಗೆ ಬರೋಣ. 1988ರ ಜನವರಿಯಲ್ಲಿ ದೂರದರ್ಶನ 'ತಮಸ್' ಧಾರಾವಾಹಿಯನ್ನು ಪ್ರಸಾರ ಮಾಡಿತು. ಭೀಷ್ಮ ಸಾಹನಿಯವರ ಕಾದಂಬರಿ, ಗೋವಿಂದ ನಿಹಲಾನಿಯವರ ನಿರ್ದೇಶನ. ದೇಶ ವಿಭಜನೆಯ ಕಾಲದಲ್ಲಿ ನೆರೆಹೊರೆಯವರ ನಡುವೆ ದ್ವೇಷವನ್ನು ಬೇಕೆಂದೇ ಹೇಗೆ ಬಿತ್ತಲಾಯಿತು ಎಂಬ ಕಥೆ. ಇದರಿಂದ ಕೋಮುಗಲಭೆ ಆಗುತ್ತದೆ, ಪ್ರಸಾರ ನಿಲ್ಲಿಸಿ ಎಂದು ಅರ್ಜಿ ಬಂತು. ಬೊಂಬಾಯಿ ಹೈಕೋರ್ಟಿನ ಒಬ್ಬ ನ್ಯಾಯಮೂರ್ತಿ ತಡೆಯಾಜ್ಞೆ ನೀಡಿದರು. ಮೇಲ್ಮನವಿ ಕೇಳಿದ ಇಬ್ಬರು ನ್ಯಾಯಮೂರ್ತಿಗಳು, ಲೆಂಟಿನ್ ಮತ್ತು ಸುಜಾತಾ ಮನೋಹರ್, ಮಾಡಿದ ಮೊದಲ ಕೆಲಸ ಧಾರಾವಾಹಿಯನ್ನು ಪೂರ್ತಿ ನೋಡಿದ್ದು. ನೋಡಿದ ಮೇಲೆ ತಡೆಯಾಜ್ಞೆ ತೆಗೆದರು.

ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದಾಗ ಅಳತೆಗೋಲಿನ ಪ್ರಶ್ನೆ ನೇರವಾಗಿ ಎದುರಾಯಿತು. ಸ್ವಾತಂತ್ರ್ಯಕ್ಕೆ ಮುನ್ನವೇ ನಾಗಪುರದ ಹೈಕೋರ್ಟಿನಲ್ಲಿ ನ್ಯಾಯಮೂರ್ತಿ ವಿವಿಯನ್ ಬೋಸ್ ಒಂದು ಮಾತು ಹೇಳಿದ್ದರು. ಮಾತಿನ ಪರಿಣಾಮವನ್ನು ವಿವೇಕವೂ ಧೈರ್ಯವೂ ಇರುವ ಮನುಷ್ಯರ ದೃಷ್ಟಿಯಿಂದ ಅಳೆಯಬೇಕು, ಎಲ್ಲದರಲ್ಲೂ ಅಪಾಯ ಕಾಣುವ ಅಳ್ಳೆದೆಯವರ ದೃಷ್ಟಿಯಿಂದಲ್ಲ ಎಂದು. ಸರ್ವೋಚ್ಚ ನ್ಯಾಯಾಲಯ ಅದನ್ನೇ ಎತ್ತಿಹಿಡಿದು ಅರ್ಜಿಯನ್ನು ತಳ್ಳಿಹಾಕಿತು. ಹಿಂದಿನ ಹಿಂಸೆಯನ್ನು ನೋಡಿ ಪಾಠ ಕಲಿಯುವ ಶಕ್ತಿ ಸಾಮಾನ್ಯ ಪ್ರೇಕ್ಷಕನಿಗೆ ಇದೆ ಎಂಬುದು ಇದರ ಅರ್ಥ.

ಮರುವರ್ಷ, 1989ರಲ್ಲಿ, ಮೀಸಲಾತಿಯನ್ನು ಕುರಿತ 'ಒರೇ ಒರು ಗ್ರಾಮತ್ತಿಲೇ' ಎಂಬ ತಮಿಳು ಚಿತ್ರದ ಮೊಕದ್ದಮೆ ಬಂತು. ಚಿತ್ರ ಪ್ರದರ್ಶಿಸಿದರೆ ಪ್ರತಿಭಟನೆಯಾಗುತ್ತದೆ, ಗಲಭೆಯಾಗುತ್ತದೆ ಎಂಬ ವಾದ. ಕರ್ನಾಟಕ ಹೈಕೋರ್ಟಿನಲ್ಲಿ ಹಿಂದೆ ನ್ಯಾಯಮೂರ್ತಿಗಳಾಗಿದ್ದ ಕೆ. ಜಗನ್ನಾಥ ಶೆಟ್ಟಿಯವರು ಬರೆದ ತೀರ್ಪು, ಬೆದರಿಕೆಗೆ ಹೆದರಿ ಅಭಿವ್ಯಕ್ತಿಯನ್ನು ಅದುಮುವುದು ಕಾನೂನಿನ ಆಳ್ವಿಕೆಯ ಶರಣಾಗತಿ ಎಂದಿತು. ಅಪಾಯ ದೂರದ ಊಹೆಯಾಗಿದ್ದರೆ ಸಾಲದು, ಮದ್ದಿನ ಪೀಪಾಯಿಗೆ ಬಿದ್ದ ಕಿಡಿಯಂತೆ ಅದರ ಸಂಬಂಧ ನೇರವಾಗಿರಬೇಕು. ಗಮನಿಸಿ, ಆ ಚಿತ್ರ ಮೀಸಲಾತಿಯನ್ನು ಟೀಕಿಸುವಂಥದು. ಅದರ ನಿಲುವನ್ನು ಒಪ್ಪಬೇಕೆಂದು ನ್ಯಾಯಾಲಯ ಯಾರಿಗೂ ಹೇಳಲಿಲ್ಲ. ಒಪ್ಪದವರು ಉತ್ತರ ಕೊಡಲಿ, ಬಾಯಿ ಮುಚ್ಚಿಸುವುದು ಬೇಡ ಎಂಬುದಷ್ಟೇ ಅದರ ಸಾರ.

ಸರ್ಕಾರಿ ವಾಹಿನಿಯೂ ಈ ಪರೀಕ್ಷೆಯಿಂದ ಹೊರತಲ್ಲ. ಭೋಪಾಲ್ ಅನಿಲ ದುರಂತದ ಬಗ್ಗೆ ತಯಾರಾಗಿ ರಾಷ್ಟ್ರಪ್ರಶಸ್ತಿ ಪಡೆದಿದ್ದ ಸಾಕ್ಷ್ಯಚಿತ್ರವೊಂದನ್ನು ಪ್ರಸಾರ ಮಾಡಲು ದೂರದರ್ಶನ ನಿರಾಕರಿಸಿತ್ತು. 1992ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕಾರಣಗಳನ್ನು ಒಪ್ಪದೆ, ಪ್ರಸಾರ ಮಾಡಬೇಕೆಂದು ಆದೇಶಿಸಿತು. ಸಾರ್ವಜನಿಕರ ಹಣದಿಂದ ನಡೆಯುವ ಮಾಧ್ಯಮದಲ್ಲಿ ಕೆಲಸ ಮಾಡುವ ನಮ್ಮಂಥವರು ನೆನಪಿಡಬೇಕಾದ ತೀರ್ಪು ಇದು.

ಸೆನ್ಸಾರ್ ಬೇಡವೇ ಬೇಡ ಎನ್ನುವುದು ಇದರ ಅರ್ಥವಲ್ಲ. ಎಳೆಯ ಮಕ್ಕಳು ನೋಡಬಾರದ ದೃಶ್ಯಗಳಿವೆ. ಸುಳ್ಳು ಹೇಳಿ ಒಂದು ಜನವರ್ಗದ ಮೇಲೆ ಇನ್ನೊಂದನ್ನು ಎತ್ತಿಕಟ್ಟುವ ಚಿತ್ರಗಳು ಬಂದಾವು. ಪ್ರಶ್ನೆ ಇರುವುದು ಯಾರು, ಯಾವ ಅಳತೆಯಿಂದ, ಯಾರಿಗೆ ಉತ್ತರ ಕೊಟ್ಟು ತಡೆಯುತ್ತಾರೆ ಎಂಬುದರಲ್ಲಿ. ಅಬ್ಬಾಸ್ ಕೇಳಿದ್ದ ನ್ಯಾಯಮಂಡಳಿ 1983ರಲ್ಲಿ ಸ್ಥಾಪನೆಯಾಯಿತು. ನ್ಯಾಯಮಂಡಳಿ ತೀರ್ಮಾನಿಸಿದ ಮೇಲೂ ಅದನ್ನು ಬದಲಿಸುವ ಅಧಿಕಾರ ಸರ್ಕಾರಕ್ಕೆ ಇರಬಾರದೆಂದು ಕೆ. ಎಂ. ಶಂಕರಪ್ಪ ಅವರ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು 1990ರಲ್ಲಿ ಹೇಳಿತು. 2000ದಲ್ಲಿ ಸರ್ವೋಚ್ಚ ನ್ಯಾಯಾಲಯ ಅದನ್ನು ಒಪ್ಪಿತು. 2021ರಲ್ಲಿ ಆ ನ್ಯಾಯಮಂಡಳಿಯನ್ನೇ ರದ್ದುಪಡಿಸಲಾಯಿತು. ಈಗ ಮಂಡಳಿಯ ತೀರ್ಮಾನವನ್ನು ಒಪ್ಪದ ನಿರ್ಮಾಪಕ ನೇರವಾಗಿ ಹೈಕೋರ್ಟಿಗೆ ಹೋಗಬೇಕು. ಸಣ್ಣ ಬಂಡವಾಳದ ನಿರ್ಮಾಪಕನಿಗೆ ಅದು ಹಗುರವಾದ ಹಾದಿಯಲ್ಲ.

ಮುಂದಿನ ಸಲ ಯಾವುದಾದರೂ ಚಿತ್ರವನ್ನು ನಿಲ್ಲಿಸಬೇಕೆಂಬ ಕೂಗು ಕೇಳಿದಾಗ ನಿಮ್ಮ ತರಗತಿಯಲ್ಲಿ ಮೂರು ಪ್ರಶ್ನೆಗಳನ್ನಿಟ್ಟುಕೊಂಡು ಚರ್ಚಿಸಿ. ಕೂಗುತ್ತಿರುವವರು ಚಿತ್ರವನ್ನು ನೋಡಿದ್ದಾರೆಯೇ? ಅವರು ಹೇಳುವ ಅಪಾಯ ನಿಜವಾದ ಕಿಡಿಯೋ, ಬರೀ ಊಹೆಯೋ? ನಿಮಗೆ ಒಪ್ಪಿಗೆಯಾಗದ ಚಿತ್ರಕ್ಕೂ ಇದೇ ನ್ಯಾಯವನ್ನು ನೀವು ಕೊಡಬಲ್ಲಿರಾ? ಮೂರನೆಯದು ಎಲ್ಲಕ್ಕಿಂತ ಕಷ್ಟದ್ದು. ನ್ಯಾಯಾಲಯಗಳು ಮನಸ್ಸಿನಲ್ಲಿಟ್ಟುಕೊಂಡ ವಿವೇಕವುಳ್ಳ, ಧೈರ್ಯವುಳ್ಳ ಪ್ರೇಕ್ಷಕ ಬೇರೆ ಯಾರೂ ಅಲ್ಲ, ನೀವೇ. ಆ ನಂಬಿಕೆಯನ್ನು ನಿಜ ಮಾಡುವ ಕೆಲಸ ಯಾವ ಮಂಡಳಿಯಿಂದಲೂ ಆಗುವಂಥದಲ್ಲ.