ಶಾಲೆಯ ತಕ್ಕಡಿ: ಅನುದಾನ, ಫಲಿತಾಂಶ ಮತ್ತು ಶ್ರಾವಕಧರ್ಮ

ದಾನ ಮಾಡುವುದು ಸುಲಭ. ಮಾಡಿದ ದಾನವು ಉದ್ದೇಶಿಸಿದ ಕಾರ್ಯಕ್ಕೆ ಸಂದಿತೇ ಎಂಬುದನ್ನು ಅರಿಯುವುದು ಕಷ್ಟ. ಈ ಕಷ್ಟವನ್ನು ನಮ್ಮ ಪೂರ್ವಿಕರು ಚೆನ್ನಾಗಿ ಬಲ್ಲವರಾಗಿದ್ದರು. ಸುಗಂಧವರ್ತಿ ಎಂದು ಹೆಸರಾಗಿದ್ದ ಇಂದಿನ ಸವದತ್ತಿಯಲ್ಲಿ ರಟ್ಟವಂಶದ ಶಾಂತಿವರ್ಮನು ಕ್ರಿ.ಶ. 980ರಲ್ಲಿ ಬಸದಿಗೆ ಭೂದಾನವಿತ್ತಾಗ ಅದನ್ನು ಕಲ್ಲಿನಲ್ಲಿ ಕೆತ್ತಿಸಿದನು. ದಾನಶಾಸನಗಳಲ್ಲಿ ಕೊಟ್ಟವರಾರು, ಪಡೆದವರಾರು, ಭೂಮಿಯ ಅಳತೆಯೆಷ್ಟು, ಎಲ್ಲೆ ಯಾವುದು ಎಂಬುದೆಲ್ಲವೂ ಊರವರ ಕಣ್ಣೆದುರಿಗೆ ನಿಲ್ಲುತ್ತಿದ್ದಿತು. ಲೆಕ್ಕವನ್ನು ಪೆಟ್ಟಿಗೆಯೊಳಗಿಡದೆ ಬಯಲಿನಲ್ಲಿ ನಿಲ್ಲಿಸುವುದೇ ಶಾಸನದ ತಿರುಳು.

ಇಂದು ನಮ್ಮ ಸಮಾಜದ ದಾನದಲ್ಲಿ ಬಹುಪಾಲು ವಿದ್ಯಾದಾನಕ್ಕೆ ಸಲ್ಲುತ್ತಿದೆ. ಸರಕಾರದ ಬೊಕ್ಕಸದಿಂದ ವೇತನಾನುದಾನ ಪಡೆದು ಖಾಸಗಿ ಮಂಡಳಿಗಳು ನಡೆಸುವ ಶಾಲೆಗಳು ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಭಾಗಗಳಿಗೆ ಹೊಸವಲ್ಲ. ಹಣ ಸಾರ್ವಜನಿಕರದು, ಆಡಳಿತ ಖಾಸಗಿಯವರದು; ಹಾಗಾದರೆ ಹೊಣೆ ಯಾರದು, ಅದನ್ನು ಅಳೆಯುವ ಬಗೆ ಯಾವುದು? ಅಮೆರಿಕದಲ್ಲಿ ಚಾರ್ಟರ್ ಶಾಲೆಗಳ ಬಗೆಗೆ ಕಳೆದ ಮೂರು ದಶಕಗಳಿಂದ ಚರ್ಚಿತವಾಗುತ್ತಿರುವ ಈ ಪ್ರಶ್ನೆ ನಮ್ಮ ನಾಡಿನಲ್ಲಿ ನೂರೈವತ್ತು ವರ್ಷಗಳ ಹಿಂದೆಯೇ ಉದ್ಭವಿಸಿದ್ದಿತು. ಆ ಇತಿಹಾಸವನ್ನು ಅವಲೋಕಿಸುವುದು ಬಸದಿಯ ಪಂಚಮಂಡಳಿಗಳಿಗೂ ವಿದ್ಯಾಸಂಸ್ಥೆಗಳ ವಿಶ್ವಸ್ತರಿಗೂ ಉಪಯುಕ್ತವಾದೀತು.

ಅನುದಾನ ಪದ್ಧತಿಯ ಉದಯ

1824ರಲ್ಲಿ ಕಿತ್ತೂರಿನ ಯುದ್ಧ ನಡೆಯಿತು. 1829ರಲ್ಲಿ ರಾಣಿ ಚೆನ್ನಮ್ಮನು ಬೈಲಹೊಂಗಲದ ಸೆರೆಯಲ್ಲಿ ದೇಹವಿಟ್ಟಳು. 1836ರಲ್ಲಿ ಧಾರವಾಡದಿಂದ ಬೇರ್ಪಟ್ಟು ಬೆಳಗಾವಿ ಪ್ರತ್ಯೇಕ ಜಿಲ್ಲೆಯಾಯಿತು. ಬೈಲಹೊಂಗಲದ ಸೀಮೆಯು ಸಂಪಗಾಂವ ತಾಲೂಕೆಂದೂ ಸವದತ್ತಿಯ ಸೀಮೆಯು ಪರಸಗಡ ತಾಲೂಕೆಂದೂ ಕರೆಯಲ್ಪಟ್ಟವು. ರಾಮದುರ್ಗವು ಮಾತ್ರ 1948ರವರೆಗೆ ಸಂಸ್ಥಾನವಾಗಿಯೇ ಉಳಿಯಿತು. ಈ ಸೀಮೆಯ ಹಳ್ಳಿಗಳಲ್ಲಿ ಆಗ ಇದ್ದುವು ಗಾಂವಠಿ ಶಾಲೆಗಳು. ಅಯ್ಯನವರೊಬ್ಬರು ಮಠದ ಪಡಸಾಲೆಯಲ್ಲಿಯೋ ಗುಡಿಯ ಕಟ್ಟೆಯ ಮೇಲೆಯೋ ಮಕ್ಕಳನ್ನು ಕೂಡಿಸಿ ಅಕ್ಷರ, ಮಗ್ಗಿ, ಲೆಕ್ಕಗಳನ್ನು ಕಲಿಸುತ್ತಿದ್ದರು. ಅವರಿಗೆ ಸಲ್ಲುತ್ತಿದ್ದುದು ಕಾಳು ಕಡಿ ಮತ್ತು ಹಬ್ಬದ ಕಾಣಿಕೆ. ಮಗುವಿಗೆ ಲೆಕ್ಕ ಬಂದಿತೇ ಎಂಬುದನ್ನು ಪೇಟೆಯ ಅಂಗಡಿಯೇ ಪರೀಕ್ಷಿಸುತ್ತಿತ್ತು.

1854ರಲ್ಲಿ ವುಡ್ ಅವರ ಶಿಕ್ಷಣ ನಿರೂಪ ಹೊರಟಿತು. ಖಾಸಗಿಯವರು ನಡೆಸುವ ಶಾಲೆಗಳು ಯೋಗ್ಯ ಆಡಳಿತ ಹೊಂದಿ ಸರಕಾರಿ ತಪಾಸಣೆಗೆ ಒಪ್ಪಿದಲ್ಲಿ ಅವುಗಳಿಗೆ ಅನುದಾನ ಕೊಡಬಹುದೆಂಬ ತತ್ತ್ವವನ್ನು ಅದು ನೆಲೆಗೊಳಿಸಿತು. ಅನುದಾನ ಮತ್ತು ತಪಾಸಣೆ ಅಂದಿನಿಂದ ಜೋಡಿಯಾದವು. ಧಾರವಾಡ ಸೀಮೆಯಲ್ಲಿ ಕನ್ನಡ ಶಾಲೆಗಳಿಗಾಗಿ ದುಡಿದ ಚನ್ನಬಸಪ್ಪನವರನ್ನು ಜನರು ಇಂದಿಗೂ ‘ಡೆಪ್ಯುಟಿ ಚನ್ನಬಸಪ್ಪ’ ಎಂದೇ ಸ್ಮರಿಸುತ್ತಾರೆ. ತಪಾಸಣಾಧಿಕಾರಿಯ ಹುದ್ದೆಯೇ ಒಬ್ಬ ಪುಣ್ಯವಂತನ ಹೆಸರಿನ ಭಾಗವಾದುದು, ಆ ಕಾರ್ಯವನ್ನು ಸದ್ಭಾವದಿಂದ ಮಾಡಿದರೆ ಜನತೆ ಹೇಗೆ ಗೌರವಿಸುತ್ತದೆಂಬುದಕ್ಕೆ ಸಾಕ್ಷಿ.

ಫಲಿತಾಂಶಕ್ಕೆ ತಕ್ಕ ಹಣ

ಇಂಗ್ಲೆಂಡಿನಲ್ಲಿ 1862ರಲ್ಲಿ ರಾಬರ್ಟ್ ಲೋ ಎಂಬ ಸಚಿವನು ಹೊಸ ನಿಯಮಾವಳಿಯನ್ನು ಜಾರಿಗೆ ತಂದನು. ಅದರಂತೆ ಪ್ರತಿ ಮಗುವನ್ನೂ ತಪಾಸಣಾಧಿಕಾರಿಯು ಓದು, ಬರಹ, ಲೆಕ್ಕಗಳಲ್ಲಿ ಪರೀಕ್ಷಿಸತಕ್ಕದ್ದು; ಮಗು ಒಂದೊಂದು ವಿಷಯದಲ್ಲಿ ತಪ್ಪಿದರೂ ಶಾಲೆಗೆ ಎರಡು ಶಿಲಿಂಗ್ ಎಂಟು ಪೆನ್ಸ್ ಕಡಿತ. 1860ರ ದಶಕದಲ್ಲಿಯೇ ಮುಂಬಯಿ ಇಲಾಖೆಯು ಇದೇ ಪದ್ಧತಿಯನ್ನು ತನ್ನ ಅನುದಾನಿತ ಶಾಲೆಗಳಿಗೆ ಅಳವಡಿಸಿಕೊಂಡಿತು. ಅಡತಿ ಅಂಗಡಿಯಲ್ಲಿ ಅರಳೆಯ ಅಂಡಿಗೆಯನ್ನು ತೂಗಿ ಹಣ ಎಣಿಸುವಂತೆ ಮಗುವಿನ ಉತ್ತರವನ್ನು ತೂಗಿ ಹಣ ಎಣಿಸಲಾಯಿತು.

ಈ ಪದ್ಧತಿಗೆ ಗುಣವಿಲ್ಲದಿರಲಿಲ್ಲ. ಕಟ್ಟಡವನ್ನು ತೋರಿಸಿ, ಹಾಜರಿ ಪುಸ್ತಕವನ್ನು ತುಂಬಿ ಹಣ ಪಡೆಯುವ ಮಂಡಳಿಗಳಿಗೆ ಅದು ತಡೆಯಾಯಿತು. ಮಗು ನಿಜವಾಗಿ ಏನು ಕಲಿತಿದೆ ಎಂದು ಕೇಳುವ ಪರಿಪಾಠ ಹುಟ್ಟಿತು. 1882ರಲ್ಲಿ ನೇಮಕವಾದ ಹಂಟರ್ ಆಯೋಗವು ದೇಶೀ ಪ್ರಾಥಮಿಕ ಶಾಲೆಗಳಿಗೆ ನೆರವು ನೀಡಲು ಈ ಕ್ರಮವನ್ನೇ ಶಿಫಾರಸು ಮಾಡಿತು, ಕಾಲೇಜುಗಳಿಗೆ ಮಾತ್ರ ಬೇಡವೆಂದಿತು.

ಆದರೆ ದೋಷಗಳು ಬೇಗನೆ ಬೆಳಕಿಗೆ ಬಂದವು. ಶಿಕ್ಷಕನ ದೃಷ್ಟಿಯು ಪರೀಕ್ಷೆಯ ದಿನಕ್ಕೆ ಕಟ್ಟುಬಿದ್ದಿತು. ಕೇಳಲಾಗುವ ಪಾಠವನ್ನು ಬಾಯಿಪಾಠ ಮಾಡಿಸುವುದೇ ಬೋಧನೆಯೆನಿಸಿತು. ಜಾಣ ಮಗು ಆದಾಯವಾಯಿತು, ಮಂದಮತಿಯ ಮಗು ನಷ್ಟವಾಯಿತು. ಬಡತನದಿಂದಲೋ ಸುಗ್ಗಿಯ ಕೆಲಸದಿಂದಲೋ ಶಾಲೆ ತಪ್ಪಿಸುವ ಮಕ್ಕಳಿದ್ದ ಊರಿನ ಶಾಲೆಗೆ ಹಣವೂ ಕಡಿಮೆಯಾಯಿತು. ಹೆಚ್ಚಿನ ನೆರವು ಬೇಕಾದಲ್ಲಿಯೇ ನೆರವು ತಗ್ಗಿತು. ಇಂಗ್ಲೆಂಡಿನಲ್ಲಿ ಸ್ವತಃ ಶಾಲಾ ತಪಾಸಣಾಧಿಕಾರಿಯಾಗಿದ್ದ ಮ್ಯಾಥ್ಯೂ ಆರ್ನಾಲ್ಡ್ ಕವಿಯು ಈ ಪದ್ಧತಿಯು ಬೋಧನೆಯನ್ನು ಯಾಂತ್ರಿಕಗೊಳಿಸುತ್ತದೆಂದು ವಿರೋಧಿಸಿದನು. ಅಲ್ಲಿ 1890ರ ದಶಕದಲ್ಲಿ ಅದನ್ನು ಕೈಬಿಡಲಾಯಿತು. ಭಾರತದಲ್ಲಿ ಲಾರ್ಡ್ ಕರ್ಜನ್ ಸರಕಾರದ 1904ರ ಶಿಕ್ಷಣ ನಿರ್ಣಯವು ಅದಕ್ಕೆ ಕೊನೆ ಹಾಡಿತು.

ಸಮಾಜವು ಕಟ್ಟಿದ ಶಾಲೆಗಳು

ಆ ಹೊತ್ತಿಗೆ ಸಮಾಜಗಳು ಸ್ವಂತ ಬಲದಿಂದ ವಿದ್ಯಾಸಂಸ್ಥೆಗಳನ್ನು ಕಟ್ಟತೊಡಗಿದ್ದವು. 1899ರಲ್ಲಿ ದಕ್ಷಿಣ ಮಹಾರಾಷ್ಟ್ರ ಜೈನ ಸಭೆ ಸ್ಥಾಪಿತವಾಯಿತು. ಅಣ್ಣಾಸಾಹೇಬ ಲಠ್ಠೆಯವರಂತಹ ಮುಖಂಡರು ವಸತಿಗೃಹಗಳ ಮೂಲಕ ರೈತ ಕುಟುಂಬಗಳ ಮಕ್ಕಳನ್ನು ಶಾಲೆಗೆ ತಂದರು. 1916ರಲ್ಲಿ ಬೆಳಗಾವಿಯಲ್ಲಿ ಶಿಕ್ಷಕರ ಗುಂಪೊಂದು ಮುಂದಾಗಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆಯನ್ನು ಆರಂಭಿಸಿತು. ಜೈನ ಕುಲದಲ್ಲಿ ಜನಿಸಿದ ಕರ್ಮವೀರ ಭಾವುರಾವ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ ಎಲ್ಲ ಜಾತಿಯ ಮಕ್ಕಳನ್ನು ಒಂದೇ ಸೂರಿನಡಿ ಇರಿಸಿದರು.

ಈ ಮಹನೀಯರ ಸಾಧನೆಯನ್ನು ಅಳೆಯುವುದಾದರೆ ಎಷ್ಟು ಮಕ್ಕಳು ಪಾಸಾದರು ಎಂಬುದೊಂದೇ ಸಾಲದು. ಶಾಲೆಯ ಮುಖವನ್ನೇ ಕಾಣದಿದ್ದ ಎಷ್ಟು ಮನೆಗಳಿಂದ ಮಕ್ಕಳು ಬಂದರು ಎಂಬುದನ್ನೂ ಎಣಿಸಬೇಕು. ಮುಂಬಯಿ ಕರ್ನಾಟಕದ ಹಳ್ಳಿಗಳಲ್ಲಿ ಬಹುಕಾಲ ‘ಮುಲ್ಕಿ’ ಪರೀಕ್ಷೆಯೇ ಶಾಲೆಯ ಕೀರ್ತಿಯ ಅಳತೆಗೋಲಾಗಿದ್ದಿತು. ಮುಲ್ಕಿ ಪಾಸಾದವನಿಗೆ ಮಾಸ್ತರಿಕೆ ದೊರೆಯುತ್ತಿತ್ತು. ಆದರೆ ಮುಲ್ಕಿಯವರೆಗೆ ತಲುಪದೆ ನಡುವೆ ಶಾಲೆ ಬಿಟ್ಟವರ ಲೆಕ್ಕವನ್ನು ಊರು ಕೇಳುತ್ತಿರಲಿಲ್ಲ.

ಅಂಕಿಗಳ ಹೊಸ ಯುಗ

1991ರಲ್ಲಿ ಅಮೆರಿಕದ ಮಿನೆಸೋಟ ರಾಜ್ಯವು ಚಾರ್ಟರ್ ಶಾಲೆಗಳ ಕಾನೂನನ್ನು ಮಾಡಿತು. ಸರಕಾರದ ಹಣ, ಖಾಸಗಿ ಆಡಳಿತ, ನಿಯಮಗಳಲ್ಲಿ ಸಡಿಲಿಕೆ, ಅದಕ್ಕೆ ಪ್ರತಿಯಾಗಿ ಫಲಿತಾಂಶದ ಕರಾರು: ಇದೇ ಅದರ ಸಾರ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು 2009ರಲ್ಲಿ ಸಾರ್ವಜನಿಕ ಅಂಕಿ ಅಂಶಗಳನ್ನು ಪರಿಶೀಲಿಸಿ, ಗಣಿತದಲ್ಲಿ ಶೇಕಡಾ 17ರಷ್ಟು ಚಾರ್ಟರ್ ಶಾಲೆಗಳು ಸಾಮಾನ್ಯ ಶಾಲೆಗಳಿಗಿಂತ ಮೇಲು, ಶೇಕಡಾ 37ರಷ್ಟು ಕೀಳು, ಉಳಿದವು ಸಮಾನವೆಂದು ಕಂಡರು. ಅದೇ ಸಂಶೋಧಕರ 2023ರ ವರದಿಯಲ್ಲಿ ಸರಾಸರಿಯು ಚಾರ್ಟರ್ ಶಾಲೆಗಳ ಕಡೆಗೆ ತುಸು ವಾಲಿದ್ದಿತು. ಒಂದೇ ಕಾಲದ ಒಂದೇ ಅಳತೆಯಿಂದ ಒಂದು ವರ್ಗದ ಶಾಲೆಗಳನ್ನು ಹೊಗಳುವುದಾಗಲಿ ತೆಗಳುವುದಾಗಲಿ ಸಲ್ಲದೆಂದು ಇದರಿಂದ ತಿಳಿಯುತ್ತದೆ. ಅಟ್ಲಾಂಟ ನಗರದ ಸರಕಾರಿ ಶಾಲೆಗಳಲ್ಲಿ ಶಿಕ್ಷಕರೇ ಮಕ್ಕಳ ಉತ್ತರಪತ್ರಿಕೆಗಳನ್ನು ತಿದ್ದಿದರೆಂದು 2011ರ ವಿಚಾರಣೆ ಹೊರಗೆಡಹಿತು. ಅಂಕಿಗೆ ಹುದ್ದೆಯನ್ನೂ ಮಾನವನ್ನೂ ಕಟ್ಟಿದಾಗ ಅಂಕಿಯೇ ಕೆಡುತ್ತದೆ.

ನಮ್ಮ ರಾಜ್ಯದಲ್ಲಿ 2002ರಿಂದ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನವು ಸರಕಾರದೊಡನೆ ಸೇರಿ ಈಶಾನ್ಯ ಜಿಲ್ಲೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಶಾಲೆಗಳು ಸ್ವಇಚ್ಛೆಯಿಂದ ಮೌಲ್ಯಮಾಪನಕ್ಕೆ ಮುಂದೆ ಬರಬೇಕು. ಊರಿನ ಮಕ್ಕಳೆಲ್ಲರ ದಾಖಲಾತಿ, ಹಾಜರಿ, ಕಲಿಕೆ ಈ ಮೂರನ್ನೂ ಒಟ್ಟಿಗೆ ನೋಡಬೇಕು ಎಂಬುದು ಅದರ ನಿಯಮ. ಒಂದೇ ತಟ್ಟೆಯಲ್ಲಿ ತೂಗುವ ಹಳೆಯ ದೋಷವನ್ನು ಇದು ತಕ್ಕಮಟ್ಟಿಗೆ ತಪ್ಪಿಸಿತು. ಅದರ ಬೆನ್ನಿಗೆ ರಾಜ್ಯ ಸರಕಾರವು ಶಾಲಾ ಗುಣಮಟ್ಟದ ಮೌಲ್ಯಮಾಪನಕ್ಕೆ ಪ್ರತ್ಯೇಕ ಸಂಸ್ಥೆಯನ್ನೇ ರಚಿಸಿತು. ಇಂದು ದೇಶದ ಪ್ರತಿ ಶಾಲೆಗೂ 11 ಅಂಕಿಗಳ ಸಂಕೇತ ಸಂಖ್ಯೆಯಿದೆ. ಯೂ-ಡೈಸ್ ಎಂಬ ಮಾಹಿತಿ ವ್ಯವಸ್ಥೆಯಲ್ಲಿ ಶಾಲೆಯ ಮಕ್ಕಳ ಸಂಖ್ಯೆ, ಶಿಕ್ಷಕರ ಸಂಖ್ಯೆ, ಕೊಠಡಿ, ಶೌಚಾಲಯಗಳ ವಿವರಗಳು ದಾಖಲಾಗುತ್ತವೆ. 2005ರ ಮಾಹಿತಿ ಹಕ್ಕು ಕಾಯ್ದೆಯ ನೆರವೂ ನಾಗರಿಕರಿಗಿದೆ.

ಆದರೂ ಜನಸಾಮಾನ್ಯರ ಕಣ್ಣು ನಾಟುವುದು ಎಸ್.ಎಸ್.ಎಲ್.ಸಿ. ಶೇಕಡಾವಾರು ಫಲಿತಾಂಶದ ಮೇಲೆಯೇ. ರಾಜ್ಯದಲ್ಲಿ 2023ರಲ್ಲಿ ಶೇಕಡಾ 83.89ರಷ್ಟು ವಿದ್ಯಾರ್ಥಿಗಳು ಉತ್ತೀರ್ಣರಾಗಿದ್ದರು. 2024ರಲ್ಲಿ ಪರೀಕ್ಷಾ ಕೊಠಡಿಗಳಲ್ಲಿ ಕ್ಯಾಮೆರಾ ಅಳವಡಿಸಿ ನೇರ ವೀಕ್ಷಣೆಯ ವ್ಯವಸ್ಥೆ ಮಾಡಲಾಯಿತು. ಹೆಚ್ಚಿನ ಕೃಪಾಂಕ ನೀಡಿದ ಮೇಲೂ ಪ್ರಮಾಣವು 73.40ಕ್ಕೆ ಇಳಿಯಿತು. ಆ ಕೃಪಾಂಕವಿಲ್ಲದ 2025ರ ಮೊದಲ ಪರೀಕ್ಷೆಯಲ್ಲಿ 62.34ಕ್ಕೆ ಬಂದಿತು. ಅದೇ ವರ್ಷದ ಕೊನೆಯ ಭಾಗದಲ್ಲಿ ಉತ್ತೀರ್ಣತೆಯ ಮಿತಿಯನ್ನೇ 35ರಿಂದ 33ಕ್ಕೆ ಇಳಿಸುವ ನಿರ್ಣಯವಾಯಿತು. ಮಕ್ಕಳು ಎರಡೇ ವರ್ಷಗಳಲ್ಲಿ ಇಷ್ಟು ಹಿಂದೆ ಬಿದ್ದರೆಂದು ನಂಬುವುದು ಕಠಿಣ. ಇಳಿತಕ್ಕೆ ಕಾರಣಗಳು ಹಲವಿರಬಹುದು. ಹಿಂದಿನ ತೂಕದಲ್ಲಿ ಒಂದಿಷ್ಟು ನೀರಿದ್ದಿತೆಂಬುದನ್ನು ಅಲ್ಲಗಳೆಯಲಾಗದು.

ಅತಿಚಾರ ವಿಚಾರ

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಶ್ರಾವಕವ್ರತಗಳ ಅತಿಚಾರಗಳನ್ನು ಆಚಾರ್ಯ ಉಮಾಸ್ವಾಮಿಗಳು ಎಣಿಸಿದ್ದಾರೆ. ಸತ್ಯಾಣುವ್ರತದ ಅತಿಚಾರಗಳಲ್ಲಿ ‘ಕೂಟಲೇಖಕ್ರಿಯೆ’ ಒಂದು, ಅಂದರೆ ಸುಳ್ಳು ದಾಖಲೆ ಬರೆಯುವುದು. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ‘ಹೀನಾಧಿಕಮಾನೋನ್ಮಾನ’ ಒಂದು, ಅಂದರೆ ಕೊಡುವಾಗ ಕಿರಿದು, ಕೊಳ್ಳುವಾಗ ಹಿರಿದು ಅಳತೆ ಬಳಸುವುದು. ‘ಪ್ರತಿರೂಪಕವ್ಯವಹಾರ’ ಇನ್ನೊಂದು, ಅಂದರೆ ಒಳ್ಳೆಯ ಸರಕಿನಲ್ಲಿ ಹೋಲುವ ಕೀಳು ಸರಕನ್ನು ಬೆರೆಸುವುದು. ವ್ಯಾಪಾರಿಗಳು ಇವುಗಳನ್ನು ಅಂಗಡಿಗಷ್ಟೇ ಸಂಬಂಧಿಸಿದವೆಂದು ಭಾವಿಸುತ್ತಾರೆ. ವಿಚಾರಿಸಿ ನೋಡಿದರೆ ಶಾಲೆಗೂ ಇವು ಅನ್ವಯಿಸುತ್ತವೆ. ಬಾರದ ಮಗುವಿನ ಹಾಜರಿ ಹಾಕುವುದು ಕೂಟಲೇಖ. ಪರೀಕ್ಷಾ ಕೊಠಡಿಯಲ್ಲಿ ಉತ್ತರ ಹೇಳಿಕೊಟ್ಟು ಪಡೆದ ಅಂಕವು ಕಲಿಕೆಯ ವೇಷ ತೊಟ್ಟ ಕೀಳು ಸರಕು. ಹೀನಾಧಿಕಮಾನವು ಇವೆರಡಕ್ಕಿಂತ ಸೂಕ್ಷ್ಮವಾದುದು. ಅದು ಅನೇಕ ವೇಳೆ ಕಾನೂನಿನ ಕೈಗೂ ಸಿಕ್ಕದು.

ಉದಾಹರಣೆಗೆ, ಒಂದು ಪ್ರೌಢಶಾಲೆಗೆ ಎಂಟನೆಯ ತರಗತಿಯಲ್ಲಿ 60 ಮಕ್ಕಳು ಸೇರಿದರೆಂದು ಇಟ್ಟುಕೊಳ್ಳೋಣ. ಒಂಬತ್ತನೆಯ ತರಗತಿಯಲ್ಲಿ ಹಿಂದುಳಿದ 15 ಮಕ್ಕಳ ಪಾಲಕರಿಗೆ ದಾಖಲೆ ತೆಗೆದುಕೊಂಡು ಹೋಗುವಂತೆ ಸೂಚಿಸಲಾಯಿತು. ಉಳಿದ 45 ಮಕ್ಕಳು ಪರೀಕ್ಷೆಗೆ ಕುಳಿತು 43 ಮಂದಿ ಪಾಸಾದರು. ಶಾಲೆಯ ಫಲಕದಲ್ಲಿ ಶೇಕಡಾ 95ಕ್ಕೂ ಮೇಲ್ಪಟ್ಟ ಫಲಿತಾಂಶ. ಆದರೆ ಬಾಗಿಲೊಳಗೆ ಬಂದ 60 ಮಕ್ಕಳನ್ನು ಎಣಿಸಿದರೆ ಅದು ಶೇಕಡಾ 72ನ್ನೂ ಮುಟ್ಟದು. ಎರಡೂ ಲೆಕ್ಕಗಳು ಅಂಕಗಣಿತದ ದೃಷ್ಟಿಯಿಂದ ಸರಿ. ಹೊರಗೆ ಕಳುಹಿಸಲ್ಪಟ್ಟ 15 ಮಕ್ಕಳು ಯಾವ ಲೆಕ್ಕದಲ್ಲಿಯೂ ಕಾಣದೆ ಹೊಲಕ್ಕೋ ಗ್ಯಾರೇಜಿಗೋ ಹೋಗುತ್ತಾರೆ, ಹೆಣ್ಣುಮಗುವಾದರೆ ಹಸೆಮಣೆಗೆ. ಅವರ ಭವಿಷ್ಯದ ವೆಚ್ಚದಲ್ಲಿ ಫಲಕದ ಅಂಕಿ ಬೆಳಗುತ್ತದೆ. ಇದು ಅಸತ್ಯವಷ್ಟೇ ಆಗಿ ನಿಲ್ಲದೆ ಹಿಂಸೆಯ ಅಂಶವನ್ನೂ ಒಳಗೊಂಡಿದೆ.

ಹಾಗೆಂದು ಅಳತೆಯೇ ಬೇಡವೆನ್ನುವುದು ಏಕಾಂತವಾದವಾಗುತ್ತದೆ. ಸುಳ್ಳು ತೂಕವಿದೆಯೆಂದು ತಕ್ಕಡಿಯನ್ನು ಬಿಸಾಡಿದ ಪೇಟೆಯಿಲ್ಲ; ತೂಕದ ಕಲ್ಲುಗಳಿಗೆ ಕಾಲಕಾಲಕ್ಕೆ ಮುದ್ರೆ ಹಾಕಿಸುವುದೇ ಅದಕ್ಕೆ ಪರಿಹಾರ. ಒಂದು ನಯದಿಂದ ವಸ್ತುವಿನ ಒಂದು ಧರ್ಮ ಮಾತ್ರ ತಿಳಿಯುತ್ತದೆಂದು ಅನೇಕಾಂತ ದರ್ಶನ ಬೋಧಿಸುತ್ತದೆ. ಶೇಕಡಾವಾರು ಫಲಿತಾಂಶ ಒಂದು ನಯ. ಸೇರಿದವರಲ್ಲಿ ಉಳಿದವರೆಷ್ಟು ಎಂಬುದು ಇನ್ನೊಂದು. ಮಗು ಬಂದಾಗ ಎಲ್ಲಿದ್ದಿತು, ಹೋಗುವಾಗ ಎಲ್ಲಿಗೆ ತಲುಪಿತು ಎಂಬುದು ಮತ್ತೊಂದು. ಇವೆಲ್ಲವೂ ಕೂಡಿದಾಗ ಶಾಲೆಯ ಸ್ವರೂಪವು ತಕ್ಕಮಟ್ಟಿಗೆ ಗೋಚರಿಸುತ್ತದೆ.

ವಿಶ್ವಸ್ತರ ಕರ್ತವ್ಯ

1950ರ ಮುಂಬಯಿ ಸಾರ್ವಜನಿಕ ವಿಶ್ವಸ್ತ ಸಂಸ್ಥೆಗಳ ಕಾನೂನು ಬಂದಂದಿನಿಂದ ಈ ಭಾಗದ ಧರ್ಮಸಂಸ್ಥೆಗಳಿಗೆ ವಾರ್ಷಿಕ ಲೆಕ್ಕ ತಪಾಸಣೆ ಪರಿಚಿತವಾಗಿದೆ. ಹುಂಡಿಯ ಹಣದ ಪೈಪೈಗೂ ಲೆಕ್ಕ ಕೇಳುವ ಸಮಾಜವು ಶಾಲೆ ಬಿಟ್ಟ ಮಗುವಿನ ಲೆಕ್ಕವನ್ನೂ ಕೇಳುವುದು ನ್ಯಾಯ. ಶಾಲೆ ನಡೆಸುವ ಮಂಡಳಿಗಳು ಪ್ರತಿ ವರ್ಷ ನಾಲ್ಕು ಅಂಕಿಗಳನ್ನು ಬಸದಿಯ ಸೂಚನಾ ಫಲಕದಲ್ಲಿಯೂ ಶಾಲೆಯ ಬಾಗಿಲಲ್ಲಿಯೂ ಬರೆಯಿಸಬಹುದು: ಎಂಟನೆಯ ತರಗತಿಗೆ ಸೇರಿದವರೆಷ್ಟು, ಹತ್ತನೆಯ ತರಗತಿಯ ಪರೀಕ್ಷೆಗೆ ಕುಳಿತವರೆಷ್ಟು, ಉತ್ತೀರ್ಣರಾದವರೆಷ್ಟು, ನಡುವೆ ಬಿಟ್ಟವರೆಷ್ಟು ಮತ್ತು ಅವರು ಈಗ ಎಲ್ಲಿರುವರು. ಇದಕ್ಕೆ ಹಣ ಬೇಡ, ಹೊಸ ಕಾನೂನೂ ಬೇಡ. ಶಾಲೆಯ ದಾಖಲಾತಿ ಪುಸ್ತಕವೊಂದಿದ್ದರೆ ಸಾಕು.

ಮೊದಲ ವರ್ಷ ಫಲಕದ ಅಂಕಿಯು ನೆರೆಯ ಶಾಲೆಯದಕ್ಕಿಂತ ಕೆಳಗೆ ಕಾಣಬಹುದು. ದಾನಿಗಳು ಹುಬ್ಬೇರಿಸಬಹುದು, ಪಾಲಕರು ಬೇರೆ ಶಾಲೆಯ ಕಡೆಗೆ ನೋಡಬಹುದು. ಆ ನಷ್ಟವನ್ನು ಸಹಿಸಲು ಸಿದ್ಧರಿರುವ ಮಂಡಳಿಗೆ ಮಾತ್ರ ವ್ರತದ ಮಾತು ಒಪ್ಪುತ್ತದೆ. ನಿಜವಾದ ಅಂಕಿ ಕೈಯಲ್ಲಿದ್ದರೆ ಯಾವ ತರಗತಿಯಲ್ಲಿ ಮಕ್ಕಳು ಜಾರುತ್ತಿದ್ದಾರೆ, ಯಾವ ವಿಷಯಕ್ಕೆ ಶಿಕ್ಷಕರು ಬೇಕು, ಯಾವ ಮನೆಗೆ ಹೋಗಿ ಪಾಲಕರನ್ನು ಕಾಣಬೇಕು ಎಂಬುದು ತಿಳಿಯುತ್ತದೆ. ನಮ್ಮ ವಿದ್ಯಾಮಂಡಳಿಗಳು ಬರುವ ಮಹಾವೀರ ಜಯಂತಿಯ ವೇಳೆಗೆ ತಮ್ಮ ತಮ್ಮ ಶಾಲೆಗಳ ಈ ಲೆಕ್ಕವನ್ನು ಸಮಾಜದ ಮುಂದಿಡುವಂತಾದರೆ ವಿದ್ಯಾದಾನವು ಸಾರ್ಥಕವಾದೀತು.