ಶೇ. 5ರ ಲೆಕ್ಕ

ನಮ್ಮೂರಲ್ಲಿ ಯುಗಾದಿ ದಿನ ಇಸ್ಪೀಟಿಗೆ ಕೂತೋರು ಜೇಬು ಖಾಲಿಯಾಗೋವರೆಗೂ ಏಳ್ತಿರಲಿಲ್ಲ. ಕ್ರಿಸ್ ಫರ್ಗುಸನ್ ಕತೆ ಓದಿದಾಗ ಅವರೇ ನೆನಪಾದರು.

ಈತ 2000ನೇ ಇಸವಿಯ ಪೋಕರ್ ವಿಶ್ವ ಚಾಂಪಿಯನ್, ಕಂಪ್ಯೂಟರ್ ಸೈನ್ಸಲ್ಲಿ ಪಿಎಚ್‌ಡಿ ಮಾಡಿದವನು. 2006ರಲ್ಲಿ ಫುಲ್ ಟಿಲ್ಟ್ ಎಂಬ ಆನ್‌ಲೈನ್ ತಾಣದಲ್ಲಿ ಕೈಯಿಂದ ಒಂದು ಸೆಂಟೂ ಹಾಕದೆ, ಪುಕ್ಕಟೆ ಟೂರ್ನಿಗಳಿಂದ ಆಟ ಶುರು ಮಾಡಿದ. ನಿಯಮ ಸರಳ. ಇರೋ ಹಣದಲ್ಲಿ ಶೇ. 5ಕ್ಕಿಂತ ಹೆಚ್ಚು ಒಂದು ಟೇಬಲ್ಲಿಗೆ ತರಬಾರದು. ದೊಡ್ಡ ಟೂರ್ನಿಗಾದರೆ ಶೇ. 2 ಅಷ್ಟೇ. ಗೆದ್ದು ಟೇಬಲ್ಲಿನ ದುಡ್ಡು ಶೇ. 10 ದಾಟಿದರೆ ಎದ್ದುಬಿಡಬೇಕು. ಮೊದಮೊದಲು ಎಷ್ಟೋ ಸಲ ಸೊನ್ನೆಗೆ ಬಂದ. ನಿಯಮ ಬಿಡಲಿಲ್ಲ. 2007ರಲ್ಲಿ 10,000 ಡಾಲರ್ ಮುಟ್ಟಿದ.

ಕತೆ ಅಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. 2011ರ ಏಪ್ರಿಲ್ 15ರಂದು ಅಮೆರಿಕ ಸರ್ಕಾರ ಆ ತಾಣದ ಮೇಲೆ ಕೇಸು ಹಾಕಿತು. ಸರ್ಕಾರದ ಪ್ರಕಾರ ಕಂಪನಿ ಆಟಗಾರರಿಗೆ ಕೊಡಬೇಕಿದ್ದದ್ದು ಸುಮಾರು 39 ಕೋಟಿ ಡಾಲರ್, ಬ್ಯಾಂಕಲ್ಲಿದ್ದದ್ದು ಸುಮಾರು 6 ಕೋಟಿ. ಫರ್ಗುಸನ್ ಆ ಕಂಪನಿಯ ನಿರ್ದೇಶಕರಲ್ಲೊಬ್ಬ! ಅಮೆರಿಕದ ಆಟಗಾರರಿಗೆ ದುಡ್ಡು ವಾಪಸ್ ಬರೋಕೆ ಶುರುವಾಗಿದ್ದು 2014ರಲ್ಲಿ.

ಶೇ. 5ರ ನಿಯಮ ಪಾಲಿಸಿದವನದೂ ಪಾಲಿಸದವನದೂ ಒಂದೇ ಗಲ್ಲಾಪೆಟ್ಟಿಗೇಲಿ ಸಿಕ್ಕಿಕೊಂಡಿತ್ತು. ನಮ್ಮೂರ ಆಟದಲ್ಲಿ ಸೋತರೂ ಗೆದ್ದರೂ ದುಡ್ಡು ಕಣ್ಣೆದುರಿಗಾದ್ರೂ ಇರ್ತಿತ್ತು.